.45 ಕೋಲ್ಟ್ ತೋಟಾ ತುಂಬುವವರಿಗೆ
ಅಮೆರಿಕದಲ್ಲಿ ಕಾನೂನಿನ ಚೌಕಟ್ಟಿನೊಳಗೆ, ಖಾಲಿ ತೋಟಾಗಳನ್ನು ಮನೆಯಲ್ಲೇ ತುಂಬುವ ಹವ್ಯಾಸ ಇಟ್ಟುಕೊಂಡಿರುವ ಗೆಳೆಯರಿಗೆ: .45 ಕೋಲ್ಟ್ 1873ರ ತೋಟಾ. ಕರಿಮದ್ದಿಗಾಗಿ ಮಾಡಿದ್ದರಿಂದ ಒಳಗೆ ಜಾಗ ಧಾರಾಳ. ಹೊಗೆರಹಿತ ಮದ್ದು ತಪ್ಪಿ ಎರಡು ಸಲ ಬಿದ್ದರೂ ತುಳುಕದೆ ಇರಬಹುದು, ಹಾಗೇ ಸಿಡಿಸಿದರೆ ಅಪಾಯ. ಗುಂಡು ಕೂರಿಸುವ ಮೊದಲು ಪ್ರತಿಯೊಂದರೊಳಗೂ ದೀಪ ಹಿಡಿದು ನೋಡಿ.

ಬಹಳ ಜನ ಹಗುರವಾಗಿ ಕಾಣುವುದು ಕ್ರಿಂಪ್ ಅನ್ನು, ಅಂದರೆ ಗುಂಡು ಅಲುಗದಂತೆ ತೋಟಾದ ಬಾಯಂಚನ್ನು ಒಳಕ್ಕೆ ಮಡಚುವುದನ್ನು. ರಿವಾಲ್ವರ್ ಹಿಂದಕ್ಕೆ ಒದ್ದಾಗ ಉಳಿದ ತೋಟಾಗಳ ಗುಂಡು ಮುಂದೆ ಜಾರಿ ಸಿಲಿಂಡರ್ ತಿರುಗದಂತೆ ಸಿಕ್ಕಿಕೊಳ್ಳಬಹುದು. ಲಿವರ್ ರೈಫಲಿನ ಕೊಳವೆ ಮ್ಯಾಗಜೀನಿನಲ್ಲಿ ಇದರ ತದ್ವಿರುದ್ಧ: ಸ್ಪ್ರಿಂಗ್ ಗುಂಡನ್ನು ಒಳಕ್ಕೆ ತಳ್ಳುತ್ತದೆ, ಸಿಡಿದಾಗ ಒತ್ತಡ ಏರುತ್ತದೆ. ಗುಂಡಿನ ತೋಡಿಗೆ ಹಿತ್ತಾಳೆಯ ಅಂಚನ್ನು ಗಟ್ಟಿಯಾಗಿ ಮಡಚುವುದೇ ಎರಡಕ್ಕೂ ಪರಿಹಾರ (ಎಷ್ಟು ಮಡಚಿದರೂ ಅಪಾಯವಿಲ್ಲ ಎನ್ನಬೇಡಿ, ಅತಿಯಾದರೆ ಅಂಚು ಉಬ್ಬಿ ಕೋವಿಯೊಳಗೆ ಹೋಗದು). ಖಾಲಿ ತೋಟಾಗಳೆಲ್ಲ ಒಂದೇ ಉದ್ದವಿರಲಿ, ಇಲ್ಲವಾದರೆ ಕ್ರಿಂಪ್ ಒಂದೊಂದಕ್ಕೆ ಒಂದೊಂದು ಬಗೆಯಾಗುತ್ತದೆ.

ರೈಫಲಿಗೆ ಚಪ್ಪಟೆ ಮೂತಿಯ ಗುಂಡೇ ಬೇಕು. ಕೊಳವೆಯಲ್ಲಿ ತೋಟಾಗಳು ಒಂದರ ಹಿಂದೊಂದು ಇರುವುದರಿಂದ ಚೂಪು ಮೂತಿ ಮುಂದಿನ ತೋಟಾದ ಪ್ರೈಮರ್‌ಗೆ (ಬುಡದಲ್ಲಿದ್ದು ಮದ್ದಿಗೆ ಕಿಡಿ ಕೊಡುವ ಭಾಗಕ್ಕೆ) ತಾಗಿ ಅದನ್ನು ಸಿಡಿಸಬಹುದು.

ಈ ತೋಟಾದ ಸಾಮಾನ್ಯ ಒತ್ತಡದ ಮಿತಿ 14,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ತೋಟಾ ತುಂಬುವ ಕೈಪಿಡಿಯಲ್ಲಿ ಹೆಚ್ಚು ಗಟ್ಟಿಯಾದ ರುಗರ್ ಬ್ಲ್ಯಾಕ್‌ಹಾಕ್ ರಿವಾಲ್ವರ್‌ಗೆಂದು ಬೇರೆಯಾಗಿ ಕೊಟ್ಟ ಮದ್ದಿನ ಅಳತೆ ಹಳೆಯ ಕೋಲ್ಟ್ ಸಿಂಗಲ್ ಆಕ್ಷನ್ ರಿವಾಲ್ವರ್‌ಗೆ ಬೇಡವೇ ಬೇಡ. ಎರಡೂ ಮನೆಯಲ್ಲಿದ್ದರೆ ದುರ್ಬಲವಾದುದಕ್ಕೆ ಹೊಂದುವಂತೆ ಒಂದೇ ಬಗೆ ತುಂಬಿ.