ಶಾಲೆಗಾಗಿ ನಾವು ಹಾಕಿದ ಸವಾಲು

ನಮ್ಮ ಅಂಕೋಲಾ ಕಡೆ ಸವಾಲು, ಅಂದರೆ ಹರಾಜು, ಹೇಗೆ ಅಂತ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಗಣಪತಿ ಹಬ್ಬದಲ್ಲಿ ಮಂಟಪಕ್ಕೆ ಕಟ್ಟಿದ ಹಣ್ಣು-ಕಾಯಿಗಳ ಫಲಾವಳಿಯನ್ನು ಕೊನೆಗೆ ಸವಾಲು ಹಾಕುತ್ತಾರೆ. ಒಂದು ತೆಂಗಿನಕಾಯಿಗೆ ಪೇಟೆಯ ದರದ ಹತ್ತು ಪಟ್ಟು ಕೂಗುತ್ತಾರೆ, ಖುಷಿಯಿಂದ ಮನೆಗೆ ಒಯ್ಯುತ್ತಾರೆ. ನಮ್ಮೂರ ಶಾಲೆಯ ಪುಸ್ತಕದ ಕೋಣೆಗೆ ಹೆಂಚು ಹೊದಿಸಬೇಕಾಗಿ ಬಂದಾಗ ನನಗೆ ನೆನಪಾಗಿದ್ದು ಇದೇ. ನಾನು ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸದಸ್ಯೆ. ಸ್ನೇಹಸಮ್ಮೇಳನದ ರಾತ್ರಿ ಸವಾಲು ಇಡೋಣ ಅಂದೆ.

ಮೊದಲ ವರ್ಷ ಅಂಗಡಿ ಅಂಗಡಿ ತಿರುಗಿ ಸಾಮಾನು ಕೂಡಿಸಿದೆವು. ಗೋಡೆ ಗಡಿಯಾರ, ಸ್ಟೀಲ್ ಡಬ್ಬಿ, ಒಂದು ಮಿಕ್ಸರ್. ಯಾವುದೂ ಮೇಲೆ ಏರಲಿಲ್ಲ. ಮಿಕ್ಸರ್ ಅಂಗಡಿ ದರಕ್ಕಿಂತ ಕಡಿಮೆಗೇ ಹೋಯಿತು. ಅಂಗಡಿಯಲ್ಲಿ ಸಿಗುವ ವಸ್ತುವಿಗೆ ಜನ ಅಂಗಡಿ ದರದ ಹತ್ತಿರವೇ ನಿಲ್ಲುತ್ತಾರೆ, ಅಲ್ವಾ?

ಆ ರಾತ್ರಿ ಜನರನ್ನು ಎಬ್ಬಿಸಿದ್ದು ಒಂದು ಮೊಗೆಕಾಯಿ (ಸಾಂಬಾರು ಸೌತೆ). ಮಕ್ಕಳೇ ಶಾಲೆಯ ಹಿತ್ತಿಲಲ್ಲಿ ಬೆಳೆಸಿದ್ದು. ಎರಡನೇ ತರಗತಿಯ ಹುಡುಗಿ ಅದನ್ನು ಎದೆಗೆ ಒತ್ತಿಕೊಂಡು ವೇದಿಕೆಗೆ ಬಂದಳು. "ನಾನು ದಿನಾ ನೀರು ಹಾಕಿದ್ದು" ಅಂದಳು. ಹಿಂದಿನ ಸಾಲಿನಲ್ಲಿದ್ದ ಅವಳ ಅಜ್ಜ ನೂರು ಅಂದರು. ಪಕ್ಕದ ಕೇರಿಯವರೊಬ್ಬರು ಇನ್ನೂರು ಅಂದರು. ಮಾಸ್ತರು "ಒಂದು ಸಾರಿ, ಎರಡು ಸಾರಿ" ಅನ್ನುವಷ್ಟರಲ್ಲಿ ಅಜ್ಜ ಎದ್ದು ನಿಂತೇಬಿಟ್ಟರು. ಒಂಬೈನೂರಕ್ಕೆ ಅವರಿಗೇ ಆಯಿತು. ಆ ಹುಡುಗಿಯ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಎರಡನೇ ವರ್ಷ ಸಾಮಾನು ಕೇಳಲು ಅಂಗಡಿಗೆ ಹೋಗಲೇ ಇಲ್ಲ. ಮನೆ ಮನೆಗೆ ಹೋಗಿ, "ನಿಮ್ಮ ಕೈಯಿಂದ ಏನು ಆಗುತ್ತದೆ?" ಅಂತ ಕೇಳಿದೆವು. ಕಾಯಿ ಕೊಯ್ಯುವವರೊಬ್ಬರು ಹತ್ತು ಮರ ಹತ್ತಿಕೊಡುತ್ತೇನೆ ಅಂದರು. ಈಗ ಮರ ಹತ್ತುವವರು ಸಿಗುವುದೇ ಕಷ್ಟ. ಹಾಗಾಗಿ ಅವರ ಒಂದು ದಿನದ ಕೆಲಸಕ್ಕೇ ಎಲ್ಲಕ್ಕಿಂತ ಜಾಸ್ತಿ ಪೈಪೋಟಿ. ದೋಣಿ ಇರುವ ಮನೆಯವರು, ಮಳೆಗಾಲದ ನಿಷೇಧ ಮುಗಿದು ಆಗಸ್ಟಿನಲ್ಲಿ ಮೀನುಗಾರಿಕೆ ಶುರುವಾದಾಗ ಒಂದು ಬುಟ್ಟಿ ಬಂಗಡೆ ಕೊಡುವುದಾಗಿ ಬರೆದುಕೊಟ್ಟರು. ತೋಟ ಇರುವವರು ಕರಿ ಇಶಾಡ ಮಾವಿನ ಬುಟ್ಟಿ ಕೊಟ್ಟರು. ಸಮ್ಮೇಳನ ಜನವರಿಯಲ್ಲಿ, ಹಣ್ಣು ಮೇ ತಿಂಗಳಲ್ಲಿ. ಹಾಗಾಗಿ ಚೀಟಿಯನ್ನೇ ಸವಾಲು ಹಾಕಿದೆವು. ಈ ಮಾವಿಗೆ 2023ರಲ್ಲಿ ಜಿಐ ಟ್ಯಾಗ್, ಅಂದರೆ ಈ ಊರಿನದೇ ಬೆಳೆ ಅನ್ನುವ ಸರ್ಕಾರಿ ಗುರುತು, ಬಂದಿದೆ. ಅದನ್ನು ಮಾಸ್ತರು ಮೈಕಿನಲ್ಲಿ ಹೇಳಿದ್ದೇ ತಡ, ಮುಂಬೈಯಿಂದ ಬಂದಿದ್ದ ಹಳೆ ವಿದ್ಯಾರ್ಥಿಗಳ ಕೂಗು ಏರಿತು.

ನೀವೂ ಇಂಥ ಸವಾಲು ಇಡುವುದಾದರೆ ಒಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿರಿ. ಫಲಾವಳಿ ಸವಾಲಿನ ದುಡ್ಡನ್ನು ನಮ್ಮಲ್ಲಿ ಮುಂದಿನ ಹಬ್ಬದೊಳಗೆ ಕೊಟ್ಟರೂ ನಡೆಯುತ್ತದೆ. ಶಾಲೆಗೂ ಅದೇ ರೂಢಿ ಬಂತು. "ಬರ್ಕೊಳ್ಳಿ ಅಕ್ಕೋರೇ" ಅಂದವರ ಬಾಕಿ ಕೇಳಲು ನಮ್ಮ ಅಕ್ಕೋರು, ಅಂದರೆ ಶಾಲೆಯ ಶಿಕ್ಷಕಿ, ಮಳೆಗಾಲದವರೆಗೂ ಮನೆ ಮನೆ ತಿರುಗಬೇಕಾಯಿತು. ಅವರಿಗೆ ಆದ ಮುಜುಗರ ನೋಡಿ ನನಗೆ ತುಂಬ ಬೇಜಾರಾಯಿತು. ಎರಡನೇ ವರ್ಷ ವೇದಿಕೆಯ ಪಕ್ಕ ಮೇಜು ಹಾಕಿ ಇಬ್ಬರನ್ನು ಕೂರಿಸಿದೆವು. ಅಲ್ಲೇ ದುಡ್ಡು ಅಥವಾ ಫೋನ್‌ಪೇ, ಅಲ್ಲೇ ರಸೀದಿ. ಆಮೇಲೇ ಚೀಟಿ. ಯಾರೂ ಬೇಸರ ಮಾಡಿಕೊಳ್ಳಲಿಲ್ಲ.

ಸವಾಲನ್ನು ಕಾರ್ಯಕ್ರಮದ ಕೊನೆಗೆ ಇಡಬೇಡಿ. ಸಣ್ಣ ಮಕ್ಕಳ ಡಾನ್ಸ್ ಮುಗಿದರೆ ಅರ್ಧ ಜನ ಎದ್ದು ಹೋಗುತ್ತಾರೆ. ನಾವು ಎರಡು ಡಾನ್ಸಿನ ನಡುವೆ ಮೂರು ಮೂರು ವಸ್ತು ಕೂಗಿದೆವು. ಮುಂದಿನ ತಂಡಕ್ಕೆ ಬಟ್ಟೆ ಹಾಕಿಕೊಳ್ಳಲಿಕ್ಕೂ ಸಮಯ ಸಿಕ್ಕಿತು.

ಕರಿ ಇಶಾಡದ ಸಿಪ್ಪೆ ತೆಳು, ಹಣ್ಣಾದ ಮೇಲೆ ಬಹಳ ದಿನ ಇಡಲಿಕ್ಕೆ ಆಗುವುದಿಲ್ಲ. ಪಾರ್ಸಲ್ ಬೇಡ, ಬಂದೇ ಒಯ್ಯಿರಿ ಅಂತ ಚೀಟಿಯಲ್ಲೇ ಬರೆದಿದ್ದೆವು. ಮೇ ತಿಂಗಳಲ್ಲಿ ಮುಂಬೈಯವರು ಮಕ್ಕಳನ್ನು ಕರೆದುಕೊಂಡು ಬಂದರು. ಹೊಸ ಹೆಂಚಿನ ಕೆಳಗೆ ಕೂತು, ಬುಟ್ಟಿಯ ಅರ್ಧ ಹಣ್ಣನ್ನು ಅಲ್ಲೇ ಎಲ್ಲರಿಗೂ ಹಂಚಿದರು.