ಕಾರ್ನ್‌ಫ್ಲೋರ್ ಒಣಗಿಸಿ ಕಲ್ಲಿನ ಕಂಬ ಅರ್ಥಮಾಡಿಕೊಂಡೆ

ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇ ಫೋಟೋ ನೋಡಿದಾಗಿನಿಂದ ಒಂದೇ ಪ್ರಶ್ನೆ ಕೊರೆಯುತ್ತಿತ್ತು. ಯಾರೂ ಕೆತ್ತದೆ ಸುಮಾರು 40,000 ಕಲ್ಲಿನ ಕಂಬಗಳು, ಹೆಚ್ಚಿನವು ಆರು ಮೂಲೆಯವು, ಇಷ್ಟು ಒತ್ತೊತ್ತಾಗಿ ಹೇಗೆ ಮೂಡಿದವು? ಅವು ಜ್ವಾಲಾಮುಖಿಯ ಲಾವಾದಿಂದಾದವು, ಲಾವಾ ತಣ್ಣಗಾಗುವಾಗ ಕುಗ್ಗುತ್ತದೆ, ಕುಗ್ಗಿ ಬಿರಿಯುತ್ತದೆ ಅಂತ ಓದಿದ್ದೆ. ಆದರೂ ಕಣ್ಣಿಗೆ ಕಟ್ಟಿರಲಿಲ್ಲ.

ಕೊನೆಗೆ ಕಾರ್ನ್‌ಫ್ಲೋರ್ ಮತ್ತು ನೀರನ್ನು ಸಮ ತೂಕದಲ್ಲಿ ಕಲಸಿ, ಗಾಜಿನ ಪಾತ್ರೆಗೆ ಮೂರು ಬೆರಳಷ್ಟು ಎತ್ತರಕ್ಕೆ ಸುರಿದು, ಬೂಷ್ಟು ಹಿಡಿಯದಿರಲಿ ಅಂತ ಎರಡು ಹನಿ ಬ್ಲೀಚ್ ಹಾಕಿ, ಮೇಲೆ ಬಿಸಿ ಬಲ್ಬು ಉರಿಸಿಟ್ಟೆ. ಮೊದಲು ಕಂಡದ್ದು ಒಣಗಿದ ಕೆರೆಯಂಗಳದಂಥ ದೊಡ್ಡ ಬಿರುಕುಗಳು ಮಾತ್ರ. ತುಂಬಾ ನಿರಾಸೆಯಾಯ್ತು, ಎಸೆಯಲು ಹೊರಟಿದ್ದೆ. ಸುಮ್ನೆ ಇನ್ನೂ ನಾಲ್ಕು ದಿನ ಬಿಟ್ಟು, ಪೂರ್ತಿ ಒಣಗಿದ ಮೇಲೆ ಒಂದು ಗಟ್ಟಿಯನ್ನು ಮುರಿದು ನೋಡಿದರೆ ಒಳಗೆಲ್ಲ ಕಡ್ಡಿ ಕಟ್ಟಿಟ್ಟ ಹಾಗೆ ಕಂಬಗಳು! ಒಂದೊಂದೂ ಕೆಲವೇ ಮಿಲಿಮೀಟರ್ ದಪ್ಪ. ಮಾಡುವವರು ದಯವಿಟ್ಟು ಮೇಲ್ಮೈ ನೋಡಿ ತೀರ್ಮಾನಿಸಬೇಡಿ, ಮುರಿದೇ ನೋಡಿ.

ಇಲ್ಲಿ ನೀರು ಹೋಗುತ್ತದೆ, ಲಾವಾದಲ್ಲಿ ಶಾಖ ಹೋಗುತ್ತದೆ. ಎರಡೂ ಕಡೆ ಕುಗ್ಗುವುದು ಮೇಲಿನಿಂದ ಒಳಕ್ಕೆ ಪದರ ಪದರವಾಗಿ, ಹಾಗಾಗಿ ಬಿರುಕೂ ಅದರ ಬೆನ್ನು ಹತ್ತಿ ಒಳಗಿಳಿಯುತ್ತದೆ. ದಪ್ಪನೆಯ ಲಾವಾ ಹಾಸು ನೆಲದ ಕಡೆಯಿಂದಲೂ ತಣ್ಣಗಾಗುವುದರಿಂದ ಅಲ್ಲಿಂದ ಮೇಲಕ್ಕೂ ಬಿರುಕು ಹೊರಡುತ್ತದೆ. ಬಸಾಲ್ಟ್ (ಇಂಥ ಲಾವಾ ಆರಿ ಆಗುವ ಕಪ್ಪು ಕಲ್ಲು) ಗಟ್ಟಿಯಾಗುವುದು ಸುಮಾರು 980 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಆದರೆ ಆಗಲೇ ಬಿರಿಯುವುದಿಲ್ಲ, 840ರಿಂದ 890 ಡಿಗ್ರಿಗೆ ಇಳಿದಾಗ ಬಿರಿಯುತ್ತದೆ. ಅಂದರೆ ಆ ಕಂಬಗಳು ಮೂಡಿದ್ದು ಕಲ್ಲು ಇನ್ನೂ ನಿಗಿನಿಗಿ ಕೆಂಪಗಿದ್ದಾಗ! ಇದನ್ನು ನೆನೆದರೆ ಈಗಲೂ ಮೈ ಜುಂ ಅನ್ನುತ್ತದೆ. ಬಿರುಕು ಒಂದೇ ಸಲಕ್ಕೆ ಸೀಳಿಕೊಂಡು ಹೋಗುವುದೂ ಇಲ್ಲ. ಸ್ವಲ್ಪ ಇಳಿದು ನಿಲ್ಲುತ್ತದೆ, ಮತ್ತೆ ಇಳಿಯುತ್ತದೆ. ಬಸಾಲ್ಟ್ ಕಂಬದ ಮೈಮೇಲಿನ ಅಡ್ಡಪಟ್ಟೆಗಳು ಹೀಗೆ ಬಂದವು.

ಆರು ಮೂಲೆ ಮೊದಲಿನಿಂದಲೇ ಇರುವುದಿಲ್ಲ. ಮೇಲ್ಮೈಯಲ್ಲಿ ಒಂದು ಬಿರುಕು ಇನ್ನೊಂದಕ್ಕೆ ನೇರ ಬಂದು ಗುದ್ದುತ್ತದೆ, 90 ಡಿಗ್ರಿ. ಒಳಗಿಳಿದಂತೆ ಸೇರುವ ಜಾಗ ಸರಿದು ಸರಿದು 120 ಡಿಗ್ರಿಯ ಕವಲಾಗುತ್ತದೆ, ಆಗ ಆರು ಮೂಲೆ ಹೆಚ್ಚುತ್ತವೆ. ನನ್ನ ತುಂಡುಗಳಲ್ಲಿ ಐದು, ಏಳು ಮೂಲೆಯವೂ ಇದ್ದವು. ನಿಜವಾದ ಬಸಾಲ್ಟಿನಲ್ಲೂ ಹಾಗೇ ಅಲ್ವಾ.

ಎರಡನೇ ಸಲ ಬಲ್ಬನ್ನು ಎತ್ತರಕ್ಕೇರಿಸಿದೆ. ಒಣಗಲು ಜಾಸ್ತಿ ದಿನ ಹಿಡಿಯಿತು, ಕಂಬಗಳು ಮೊದಲಿಗಿಂತ ದಪ್ಪ ಬಂದವು. ಲಾವಾದಲ್ಲೂ ಇದೇ ಲೆಕ್ಕ: ನಿಧಾನವಾಗಿ ತಣ್ಣಗಾದಷ್ಟೂ ಕಂಬ ದಪ್ಪ.