ಹಾಸ್ಟೆಲ್ ಮೆಸ್ಸಿನ ಲೆಕ್ಕ ಹಿಡಿಯಿರಿ, ನಾಯಕತ್ವ ಕಲಿಯಿರಿ

ಪಾವಗಡ, ಶಿರಾ, ಮಧುಗಿರಿ, ಗುಬ್ಬಿ ಕಡೆಯ ಹಳ್ಳಿಗಳಿಂದ ತುಮಕೂರಿಗೆ ಓದಲು ಬಂದು ಹಾಸ್ಟೆಲ್ ಸೇರುವವರಲ್ಲಿ ಬಹಳ ಮಂದಿ ನಾಲ್ಕು ಜನರ ಮುಂದೆ ಮಾತಾಡಲು ಹಿಂಜರಿಯುತ್ತಾರೆ. ಇವರಿಗಾಗಿ ವ್ಯಕ್ತಿತ್ವ ವಿಕಸನದ ಶಿಬಿರಗಳು ನಡೆಯುತ್ತವೆ, ಪ್ರಮಾಣಪತ್ರವೂ ಸಿಗುತ್ತದೆ. ಆದರೆ ಹಿಂಜರಿಕೆ ಬಿಡಿಸುವ ಶಕ್ತಿ ಇರುವುದು ಹೊಣೆಗೆ. ನೂರು ಜನರ ಊಟ ನಿಮ್ಮ ಕೈಯಲ್ಲಿದ್ದರೆ ಮಾತು ತಾನಾಗಿ ಬರುತ್ತದೆ. ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಡುತ್ತಿರುವ ಸಿದ್ಧಗಂಗೆಯ ಮಠ ಇರುವ ಊರಿನಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೊದಲು ಒಂದೇ ಕೆಲಸ

ಸೇರಿದ ವರ್ಷವೇ ಕಾರ್ಯದರ್ಶಿ ಆಗಬೇಕೆಂದು ಹೊರಡಬೇಡಿ. ಕುಡಿಯುವ ನೀರಿನ ಟ್ಯಾಂಕು ತೊಳೆಸುವುದು, ದಿನಪತ್ರಿಕೆಗಳನ್ನು ಜೋಡಿಸಿಡುವುದು, ಕೆಟ್ಟ ಬಲ್ಬುಗಳ ಪಟ್ಟಿ ಮಾಡಿ ವಾರ್ಡನ್‌ಗೆ ಕೊಡುವುದು, ಇಂಥ ಯಾವುದಾದರೂ ಒಂದನ್ನು ಒಂದು ತಿಂಗಳ ಮಟ್ಟಿಗೆ ವಹಿಸಿಕೊಳ್ಳಿ. ನಿಮ್ಮ ಹೆಸರು ನೋಟಿಸ್ ಬೋರ್ಡಿನಲ್ಲಿ ಇರಲಿ. ಕೆಲಸ ಆಗದಿದ್ದರೆ ಯಾರನ್ನು ಕೇಳಬೇಕೆಂದು ಎಲ್ಲರಿಗೂ ಗೊತ್ತಿರಬೇಕು.

ಆಮೇಲೆ ಮೆಸ್ಸಿನ ಲೆಕ್ಕ

ನನ್ನ ಪ್ರಕಾರ ಹಾಸ್ಟೆಲ್ಲಿನಲ್ಲಿ ಇದಕ್ಕಿಂತ ದೊಡ್ಡ ಪಾಠವಿಲ್ಲ. ತಿಂಗಳಿಗೆ ಇಬ್ಬರಂತೆ ಸರದಿ ಹಾಕಿಕೊಳ್ಳಿ: ಒಬ್ಬರು ಸೀನಿಯರ್, ಒಬ್ಬರು ಹೊಸಬರು. ಒಬ್ಬರ ಕೈಯಲ್ಲೇ ದುಡ್ಡು, ಕೀಲಿ ಎರಡೂ ಇರಬಾರದು. ಅನುಮಾನಕ್ಕೆ ಎಡೆಯಿಲ್ಲದಂತೆ ಕೆಲಸವನ್ನು ಹಂಚಿಕೊಳ್ಳುವುದೂ ನಾಯಕನಾಗುವವನು ಕಲಿಯಬೇಕಾದದ್ದೇ.

ಖರ್ಚನ್ನು ಎಲ್ಲರೂ ಹಂಚಿಕೊಳ್ಳುವ ಮೆಸ್ಸಾದರೆ ಲೆಕ್ಕ ಹೀಗೆ. ತಿಂಗಳ ಮೊದಲ ದಿನ ಉಗ್ರಾಣದಲ್ಲಿರುವ ಅಕ್ಕಿ, ರಾಗಿ, ಬೇಳೆ, ಎಣ್ಣೆಯನ್ನು ತೂಗಿ ಬೆಲೆ ಬರೆಯಿರಿ. ಅದು 20,000 ರೂಪಾಯಿ ಎಂದಿಟ್ಟುಕೊಳ್ಳಿ. ಆ ತಿಂಗಳು ಕೊಂಡ ದಿನಸಿ, ತರಕಾರಿ, ಹಾಲು ಸೇರಿ 1,60,000. ತಿಂಗಳ ಕೊನೆಗೆ ಉಳಿದ ದಾಸ್ತಾನು 15,000. ಅಲ್ಲಿಗೆ ಖರ್ಚಾದದ್ದು 1,65,000. ಗ್ಯಾಸು ಮತ್ತು ಅಡುಗೆಯವರ ಸಂಬಳ 45,000 ಸೇರಿದರೆ 2,10,000. ಈಗ ಊಟದ ಹಾಜರಿ ಪುಸ್ತಕ ತೆಗೆಯಿರಿ. ಎಲ್ಲರ ಹಾಜರಿ ದಿನಗಳನ್ನು ಕೂಡಿದಾಗ 2,800 ಬಂದರೆ ದಿನಕ್ಕೆ ತಲಾ 75 ರೂಪಾಯಿ. ಇಪ್ಪತ್ತಾರು ದಿನ ಉಂಡವರ ಬಿಲ್ಲು 1,950.

ಈ ಲೆಕ್ಕವನ್ನು ಅಂಗಡಿ ಬಿಲ್ಲುಗಳ ಸಮೇತ ಬೋರ್ಡಿಗೆ ಹಾಕಿ. ಯಾರು ಬೇಕಾದರೂ ಬಂದು ಪ್ರಶ್ನೆ ಕೇಳಲಿ. ಹಬ್ಬಕ್ಕೆ ಊರಿಗೆ ಹೋದವರ ಹಾಜರಿ ವಿಚಾರದಲ್ಲೇ ಹೆಚ್ಚು ಜಗಳ ಆಗುವುದು. ಹೋಗುವ ಮುಂಚೆ ಬರೆದುಕೊಟ್ಟವರಿಗೆ ಮಾತ್ರ ಕಡಿತ ಎಂಬ ನಿಯಮವನ್ನು ತಿಂಗಳ ಆರಂಭದಲ್ಲೇ ಹೇಳಿಬಿಡಿ. ಆಪ್ತ ಗೆಳೆಯನಿಗೂ ಅದರಲ್ಲಿ ವಿನಾಯಿತಿ ಬೇಡ.

ಒಂದು ಸಲವಾದರೂ ಬೆಳಗಿನ ಜಾವ ಅಂತರಸನಹಳ್ಳಿ ಮಾರುಕಟ್ಟೆಗೆ ಹೊಸಬರನ್ನು ಕರೆದುಕೊಂಡು ಹೋಗಿ. ನಾಲ್ಕು ಕಡೆ ರೇಟು ವಿಚಾರಿಸಿ, ಚೌಕಾಶಿ ಮಾಡಿ, ಚೀಟಿ ಬರೆಸಿಕೊಂಡು ಬರುವಷ್ಟರಲ್ಲಿ ಅಪರಿಚಿತರ ಹತ್ತಿರ ಮಾತಾಡುವ ಅಂಜಿಕೆ ಅರ್ಧ ಇಳಿದಿರುತ್ತದೆ. ಸರ್ಕಾರಿ ಹಾಸ್ಟೆಲ್ಲುಗಳಲ್ಲಿ ಖರೀದಿ ಇಲಾಖೆಯ ನಿಯಮದಂತೆ ನಡೆಯುತ್ತದೆ. ಅಲ್ಲಿ ವಾರ್ಡನ್ ಜೊತೆ ಕೂತು ದಾಸ್ತಾನು ಪುಸ್ತಕ ನೋಡಲು, ವಾರದ ಊಟದ ಪಟ್ಟಿ ಚರ್ಚಿಸಲು ಅವಕಾಶ ಕೇಳಿ. ಅಡುಗೆಯವರನ್ನು ಅಣ್ಣ, ಅಕ್ಕ ಎಂದೇ ಕರೆಯಿರಿ. ಮುದ್ದೆ ಗಂಟಾಗಿದ್ದರೆ ಊಟದ ಕೋಣೆಯಲ್ಲಿ ಎಲ್ಲರೆದುರು ಕೂಗಾಡದೆ, ಅಡುಗೆಮನೆಗೆ ಹೋಗಿ ಹೇಳಿ.

ಸಭೆ ನಡೆಸುವಾಗ

ತಿಂಗಳಿಗೊಂದು ಸಭೆ, ಮೂರು ವಿಷಯ, ಒಂದು ಗಂಟೆ. ಮೊದಲ ಮಾತು ಹೊಸಬರದ್ದಾಗಲಿ. ಸೀನಿಯರ್ ಬಾಯಿಬಿಟ್ಟ ಮೇಲೆ ಜೂನಿಯರ್‌ಗಳು ತಲೆಯಾಡಿಸಿ ಸುಮ್ಮನಾಗುತ್ತಾರೆ. ಪಾವಗಡದ ಕಡೆಯವರಲ್ಲಿ ಮನೆಮಾತು ತೆಲುಗು ಆದವರೂ ಇರುತ್ತಾರೆ. ಅವರ ಕನ್ನಡ ಕೇಳಿ ನಗುವವರನ್ನು ಅಲ್ಲೇ ತಡೆಯುವುದು ಸಭೆ ನಡೆಸುವವರ ಕರ್ತವ್ಯ, ಇದನ್ನು ಮುಲಾಜಿಲ್ಲದೆ ಮಾಡಿ. ಅಧ್ಯಕ್ಷತೆ ಪ್ರತಿ ಸಲ ಬೇರೆಯವರದ್ದಾಗಲಿ. ನಡಾವಳಿ ಪುಸ್ತಕದಲ್ಲಿ ಭಾಷಣ ಬರೆಯುವುದು ಬೇಡ. ಯಾವ ಕೆಲಸ, ಯಾರು, ಯಾವ ತಾರೀಖಿನೊಳಗೆ ಎಂದಷ್ಟೇ ಬರೆದು, ಮುಂದಿನ ಸಭೆಯನ್ನು ಅದೇ ಪುಟ ಓದಿ ಶುರುಮಾಡಿ.

ಜಗಳ ಬಂದಾಗ

ರೂಮಿನ ಫ್ಯಾನು, ಲೈಟು, ರಾತ್ರಿಯ ಫೋನು ಮಾತುಗಳ ತಕರಾರನ್ನು ನೀವೇ ಬಗೆಹರಿಸಬಹುದು. ಇಬ್ಬರ ಮಾತನ್ನೂ ಬೇರೆಬೇರೆಯಾಗಿ ಕೇಳಿ, ಆಮೇಲೆ ಒಟ್ಟಿಗೆ ಕೂರಿಸಿ. ಆದರೆ ರ‍್ಯಾಗಿಂಗ್ ಆಗಿದ್ದರೆ ರಾಜಿ ಪಂಚಾಯಿತಿ ಮಾಡಲೇಬೇಡಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2009ರ ನಿಯಮಗಳು ಅದನ್ನು ಕಟ್ಟುನಿಟ್ಟಾಗಿ ನಿಷೇಧಿಸಿವೆ. ಕೂಡಲೇ ವಾರ್ಡನ್‌ಗೆ ತಿಳಿಸಿ. ಸಹಾಯವಾಣಿ 1800-180-5522 ಸಂಖ್ಯೆಯನ್ನು ಪ್ರತಿ ಮಹಡಿಯಲ್ಲೂ ಅಂಟಿಸಿ.

ಕಾಂಪೌಂಡಿನ ಹೊರಗೆ

ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಹಾಸ್ಟೆಲ್ಲಿನ ಹೊರಗೂ ಹೊಣೆ ಹೊರಲು ಸಿದ್ಧ ದಾರಿ. 1969ರಲ್ಲಿ ಶುರುವಾದ ಈ ಯೋಜನೆಯಲ್ಲಿ ಎರಡು ವರ್ಷಕ್ಕೆ 240 ಗಂಟೆಗಳ ಸೇವೆ, ಏಳು ದಿನದ ವಿಶೇಷ ಶಿಬಿರ ಇರುತ್ತದೆ. ಶಿಬಿರಕ್ಕೆ ಬರೀ ಹೆಸರು ಕೊಟ್ಟು ಸುಮ್ಮನಾಗದೆ, ಒಂದು ದಿನದ ಪೂರ್ತಿ ಹೊಣೆ ಕೇಳಿ ಪಡೆಯಿರಿ. ದೇವರಾಯನದುರ್ಗದ ದಾರಿಯಲ್ಲಿ ಪ್ಲಾಸ್ಟಿಕ್ ಆಯುವ ಕೆಲಸವೇ ಇರಲಿ, ಬಸ್ಸು, ಕೈಗವಸು, ಕುಡಿಯುವ ನೀರು, ಆಯ್ದ ಕಸ ಎಲ್ಲಿಗೆ ಹೋಗಬೇಕು ಎಂಬುದೆಲ್ಲ ಹಿಂದಿನ ದಿನವೇ ತೀರ್ಮಾನವಾಗಿರಬೇಕು.

ಬಿಟ್ಟುಕೊಡುವುದು

ಹೆಚ್ಚಿನವರು ಎಡವುವುದು ಇಲ್ಲಿ. ಒಮ್ಮೆ ಕೀಲಿ ಹಿಡಿದವರಿಗೆ ಅದನ್ನು ಕೊಡಲು ಮನಸ್ಸಾಗುವುದಿಲ್ಲ. ಅವಧಿ ಮುಗಿಯುವ ಒಂದು ವಾರ ಮೊದಲೇ ಮುಂದಿನವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಉಗ್ರಾಣ ತೂಗಿಸಿ, ಪುಸ್ತಕ ಬರೆಸಿ. ಅವರ ಕೈಬರಹದಲ್ಲೇ ದಾಸ್ತಾನು ಪಟ್ಟಿ ಆಗಲಿ, ಇಬ್ಬರೂ ಸಹಿ ಹಾಕಿ. ದಿನಸಿ ಅಂಗಡಿಯಲ್ಲಿ ಬಾಕಿ ಇದ್ದರೆ ಇಬ್ಬರೂ ಹೋಗಿ, ಎಷ್ಟು ಬಾಕಿ, ಇನ್ನು ಮುಂದೆ ಯಾರು ಬರುತ್ತಾರೆ ಎಂದು ಅಂಗಡಿಯವರಿಗೆ ಹೇಳಿ ಬನ್ನಿ. ಕೀಲಿ ಕೊಟ್ಟ ಮೇಲೆ ಅವರಾಗಿ ಬಂದು ಕೇಳುವ ತನಕ ಸಲಹೆ ಕೊಡಲು ಹೋಗಬೇಡಿ.